ಶಾರದೆಯನ್ನು ಚಿತ್ರಿಸಿದ ಖುರಾಸಾನದ ಕುಂಚ

ಗೊಳಸಂಗಿ, ಬಸವನಬಾಗೇವಾಡಿಗಳ ಕಡೆಯಿಂದ ವಿಜಯಪುರಕ್ಕೆ ಬರುವ ಪ್ರವಾಸಿಗರ ಕಣ್ಣು ಮೊದಲು ಅರಸುವುದು ಗೋಳಗುಮ್ಮಟವನ್ನು, ಬಳಿಕ ಇಬ್ರಾಹಿಂ ರೋಜಾವನ್ನು. ಆದಿಲ್‌ಶಾಹಿಗಳ ವೈಭವವೆಂದರೆ ಕಲ್ಲು-ಗಾರೆಯ ಕಟ್ಟಡಗಳು ಎಂಬ ಭಾವನೆ ನಮ್ಮಲ್ಲಿ ನೆಲೆಯೂರಿದೆ. ಆದರೆ ಆ ಕಾಲದ ಬಿಜಾಪುರ ಕಾಗದದ ಮೇಲೂ ಒಂದು ಲೋಕವನ್ನು ಕಟ್ಟಿತ್ತು. ಅದನ್ನು ಕಟ್ಟಿದವರಲ್ಲಿ ಅಗ್ರಗಣ್ಯನಾದ ಚಿತ್ರಕಾರ ಫರ್ರೂಖ್ ಬೇಗ್.

ಫರ್ರೂಖ್ ಹುಟ್ಟಿದ್ದು 1545ರ ಆಸುಪಾಸಿನಲ್ಲಿ. ಅವನ ಕೈ ಪಳಗಿದ್ದು ಇರಾನಿನ ಖುರಾಸಾನ ಪ್ರಾಂತದ ಸಂಪ್ರದಾಯದಲ್ಲಿ. ಅದು ಹೆರಾತಿನ ಮಹಾನ್ ಚಿತ್ರಕಾರ ಬಿಹ್ಜಾದನ ಹೆಸರನ್ನು ಗೌರವದಿಂದ ಸ್ಮರಿಸುತ್ತಿದ್ದ ಪರಂಪರೆ. ಹಿರಿಯರ ಕೃತಿಗಳನ್ನು ಎದುರಿಗಿಟ್ಟುಕೊಂಡು ಮತ್ತೆ ಮತ್ತೆ ಬರೆಯುವುದೇ ಅಲ್ಲಿ ವಿದ್ಯಾಭ್ಯಾಸ. ತೆಳುವಾದ ಗೆರೆ, ರತ್ನದಂತೆ ಹೊಳೆಯುವ ಬಣ್ಣ, ನೆರಳಿನ ಹಂಗಿಲ್ಲದ ಬೆಳಕು ಈ ಶೈಲಿಯ ಲಕ್ಷಣಗಳು. ಫರ್ರೂಖ್ ಇವನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಕಾಬೂಲಿನಲ್ಲಿ ಅಕ್ಬರನ ಮಲತಮ್ಮ ಮಿರ್ಜಾ ಹಕೀಮನ ಆಶ್ರಯದಲ್ಲಿದ್ದ ಆತ, 1585ರಲ್ಲಿ ಹಕೀಮ್ ತೀರಿಕೊಂಡ ಮೇಲೆ ಮೊಗಲ್ ಆಸ್ಥಾನವನ್ನು ಸೇರಿದ. ಆಗ ಅವನಿಗೆ ನಲವತ್ತರ ಪ್ರಾಯ. ಹೆಸರು ಮಾಡಿಯೇ ಬಂದಿದ್ದ. ಅಕ್ಬರನ ಚಿತ್ರಶಾಲೆಯಲ್ಲಿ ಒಬ್ಬ ರೇಖೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುವುದು, ಮತ್ತೊಬ್ಬ ಮುಖ ಬರೆಯುವುದು ರೂಢಿ. ಫರ್ರೂಖ್ ಮಾತ್ರ ಬಹುಮಟ್ಟಿಗೆ ಒಬ್ಬನೇ ಕೆಲಸ ಮಾಡಿದ. ಅಕ್ಬರನಾಮದಲ್ಲಿ ಬಾದಶಹ ಸೂರತ್ ನಗರವನ್ನು ಪ್ರವೇಶಿಸುವ ದೃಶ್ಯ ಅವನದು. ಸುತ್ತಲಿನವರು ಐರೋಪ್ಯ ಮಾದರಿಯ ನೆರಳು-ಬೆಳಕಿನತ್ತ ವಾಲುತ್ತಿದ್ದಾಗಲೂ ಅವನ ಪುಟಗಳು ಇರಾನಿನ ಹಳೆಯ ಹಸ್ತಪ್ರತಿಗಳನ್ನೇ ನೆನಪಿಸುತ್ತವೆ.

1600ರ ಆಸುಪಾಸಿನ ವರ್ಷಗಳಲ್ಲಿ ಅವನ ಕಲೆ ಹೊಸ ತಿರುವು ಪಡೆದದ್ದು ನಮ್ಮ ಬಿಜಾಪುರದಲ್ಲಿ. ಆಗ ಇಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580-1627). ಸಂಗೀತದ ಹುಚ್ಚು ಹಿಡಿಸಿಕೊಂಡು, ಪ್ರಜೆಗಳಿಂದ ಜಗದ್ಗುರು ಎನಿಸಿಕೊಂಡ ದೊರೆ. 1599ರಲ್ಲಿ ನವರಸಪುರವೆಂಬ ನಗರವನ್ನೇ ಆರಂಭಿಸಿದವನು. ತನ್ನ ಗೀತಸಂಗ್ರಹ ಕಿತಾಬ್-ಎ-ನವರಸ್‌ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಇಲ್ಲಿ ಫರ್ರೂಖ್ ಹುಸೇನ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವ ಚಿತ್ರಕಾರನನ್ನು ಆಸ್ಥಾನಕವಿ ಜುಹೂರಿ ಮನಸಾರೆ ಹೊಗಳಿದ್ದಾನೆ.

ಈ ಅವಧಿಯ ಕೃತಿಗಳಲ್ಲಿ ದೊರೆ ಕುದುರೆಯೇರಿ ಗಿಡುಗನ ಬೇಟೆಗೆ ಹೊರಟಿದ್ದಾನೆ. ಮೆಚ್ಚಿನ ಆನೆ ಆತಶ್ ಖಾನ್ ಮೇಲೆ ಕುಳಿತಿದ್ದಾನೆ. ವನದ ನಡುವೆ ತಂಬೂರಿ ನುಡಿಸುತ್ತಿದ್ದಾನೆ. ಗೆರೆ ಅದೇ ಹಳೆಯ ಖುರಾಸಾನದ್ದು. ಆದರೆ ಎಲೆಬಳ್ಳಿಗಳು ದಟ್ಟವಾಗಿವೆ, ಬಣ್ಣಗಳು ಕನಸಿನಲ್ಲಿ ಕಂಡಂತೆ ಗಾಢವಾಗಿವೆ.

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು 1604ರ ಸುಮಾರಿನ ಸರಸ್ವತಿಯ ಚಿತ್ರ. ಚಿನ್ನದ ಸಿಂಹಾಸನದಲ್ಲಿ ವೀಣಾಪಾಣಿಯಾಗಿ ಕುಳಿತ ದೇವಿ. ಗಣಪತಿಯೇ ಇಬ್ರಾಹಿಮನ ತಂದೆ, ಸರಸ್ವತಿಯೇ ತಾಯಿ ಎಂಬ ಆಶಯದ ಬರಹ. ಚಿತ್ರಕಾರ ಫರ್ರೂಖ್ ಹುಸೇನನ ಹೆಸರು. ದೇವಿಯ ರೂಪ ಅವನು ಕಲಿತ ಪಾಠಶಾಲೆಯಲ್ಲಿ ಇದ್ದದ್ದಲ್ಲ. ಗುರುಗಳು ಕೊಟ್ಟ ಕೈಯಿಂದ ಅವರು ಎಂದೂ ಬರೆಯದ ವಿಷಯವನ್ನು ಬರೆದದ್ದು ಅವನ ಸಾಧನೆ.

1609ರಲ್ಲಿ ಫರ್ರೂಖ್ ಮತ್ತೆ ಮೊಗಲ್ ಆಸ್ಥಾನದಲ್ಲಿದ್ದಾನೆ. ಬಾದಶಹ ಜಹಾಂಗೀರ್ ಅವನನ್ನು ಕಾಲದ ಅಪ್ರತಿಮ ಚಿತ್ರಕಾರನೆಂದು ಬಣ್ಣಿಸಿ 2,000 ರೂಪಾಯಿ ನೀಡಿದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. 1615ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಫರ್ರೂಖ್ ಫ್ಲಾಂಡರ್ಸ್‌ನ ಕಲಾವಿದ ಮಾರ್ಟೆನ್ ಡಿ ವೋಸನ ರಚನೆಯೊಂದರ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ವೃದ್ಧನೊಬ್ಬನ ಚಿತ್ರ ಬರೆದ. ಮೂಲದಲ್ಲಿ ಅದು ವಿಷಾದದ ಮೂರ್ತರೂಪ. ಅವನ ಕುಂಚದಲ್ಲಿ ವಿಚಿತ್ರ ವೃಕ್ಷದ ಕೆಳಗೆ ಚಿಂತೆಯಲ್ಲಿ ಮುಳುಗಿದ ಸೂಫಿಯಾಯಿತು. ಜೀವನವಿಡೀ ಹಿರಿಯರಿಂದ ಕಲಿತವನು ಮುಪ್ಪಿನಲ್ಲೂ ವಿದ್ಯಾರ್ಥಿಯಾಗಿಯೇ ಉಳಿದಿದ್ದ. ಆದರೆ ಅನುಕರಿಸುವವನಾಗಿ ಅಲ್ಲ.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಬಳಿಕ ಇಲ್ಲಿನ ಕಲಾಸಂಪತ್ತು ಚದುರಿತು. ಬೇಟೆಯ ಚಿತ್ರ ಇಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ, ತಂಬೂರಿಯ ಚಿತ್ರ ಪ್ರಾಗ್‌ನಲ್ಲಿ, ವೃದ್ಧ ಸೂಫಿ ದೋಹಾದಲ್ಲಿ. ಬಿಜಾಪುರದ ಫರ್ರೂಖ್ ಹುಸೇನ್ ಮತ್ತು ಮೊಗಲರ ಫರ್ರೂಖ್ ಬೇಗ್ ಒಬ್ಬನೇ ಎಂಬ ವಾದವನ್ನು 1957ರಲ್ಲಿ ಮುಂದಿಟ್ಟವರು ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಸ್ಕೆಲ್ಟನ್. ಮುಂದಿನ ಸಂಶೋಧನೆಗಳು ಅದನ್ನು ಬಲಪಡಿಸಿವೆ.

ದೂರದೇಶದ ವಿದ್ವಾಂಸರು ಗುರುತಿಸಿದ ಈ ಕಲಾವಿದನ ಹೆಸರು ವಿಜಯಪುರದ ಮಕ್ಕಳಿಗೂ ತಿಳಿದಿರಬೇಕು. ಕನಿಷ್ಠ ಅವನ ಚಿತ್ರಗಳ ಉತ್ತಮ ಪ್ರತಿಗಳಾದರೂ ಗೋಳಗುಮ್ಮಟದ ಊರಿನಲ್ಲಿ ನೋಡಸಿಗುವಂತಾದರೆ, ಈ ನೆಲದಲ್ಲಿ ಶಾರದೆಯನ್ನು ಚಿತ್ರಿಸಿದ ಪರದೇಶಿಗೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.