ಸಕ್ಕರೆಯ ಜಾಡು ಹಿಡಿದ ವಿಜ್ಞಾನಿ ಒಟ್ಟೊ ವಾರ್ಬರ್ಗ್

ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರಾಗುವುದನ್ನು ನೀವು ದಿನವೂ ಕಾಣುತ್ತೀರಿ. ಹಾಲಿನ ಸಕ್ಕರೆಯಂಶ ಲ್ಯಾಕ್ಟಿಕ್ ಆಮ್ಲವಾಗುವುದೇ ಇದಕ್ಕೆ ಕಾರಣ. ಕ್ಯಾನ್ಸರ್ ಗಡ್ಡೆಯೊಳಗೂ ಇಂಥದೇ ಕ್ರಿಯೆ ನಡೆಯುತ್ತದೆಂದು ತೋರಿಸಿಕೊಟ್ಟವರು ಒಟ್ಟೊ ವಾರ್ಬರ್ಗ್.

ವಾರ್ಬರ್ಗ್ 1883ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಜನಿಸಿದರು. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತವಿಜ್ಞಾನಿ. ಮಗ ರಸಾಯನಶಾಸ್ತ್ರ, ವೈದ್ಯಶಾಸ್ತ್ರ ಎರಡರಲ್ಲೂ ಡಾಕ್ಟರೇಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿದ್ದ ಅವರಿಗೆ, ಪ್ರಯೋಗಾಲಯಕ್ಕೆ ಮರಳುವಂತೆ ಪತ್ರ ಬರೆದವರು ಐನ್‌ಸ್ಟೈನ್.

1920ರ ದಶಕದಲ್ಲಿ ಅವರು ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷಿಸಿದರು. ನಮ್ಮ ಜೀವಕೋಶ ಆಮ್ಲಜನಕದ ನೆರವಿನಿಂದ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಅಣುಗಳಷ್ಟು ಶಕ್ತಿ ಪಡೆಯುತ್ತದೆ. ಹುದುಗುವಿಕೆಯಿಂದ ಸಿಗುವುದು ಕೇವಲ 2. ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶಗಳು ಈ ಎರಡನೆಯ ದಾರಿಯನ್ನೇ ಹೆಚ್ಚಾಗಿ ಹಿಡಿಯುವುದನ್ನು ಅವರು ಕಂಡರು. ಉಸಿರಾಟದ ಕಿಣ್ವದ ಸಂಶೋಧನೆಗೆ 1931ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ತಂದೆಯ ಕಡೆಯಿಂದ ಅವರು ಯಹೂದಿ ಮೂಲದವರು. ಹಿಟ್ಲರನ ಆಳ್ವಿಕೆಯಲ್ಲಿ ಶಿಷ್ಯ ಹಾನ್ಸ್ ಕ್ರೆಬ್ಸ್ ಇಂಗ್ಲೆಂಡಿಗೆ ಹೋಗಬೇಕಾಯಿತು. ವಾರ್ಬರ್ಗ್ ಮಾತ್ರ ಜರ್ಮನಿ ಬಿಡಲಿಲ್ಲ. 1941ರಲ್ಲಿ ಹುದ್ದೆ ಕಳೆದುಕೊಂಡರೂ ಬೇಗನೇ ಮರಳಿ ಪಡೆದರು.

ಜೀವಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರಿನ ಮೂಲವೆಂದು ಅವರು 1970ರಲ್ಲಿ ತೀರಿಕೊಳ್ಳುವವರೆಗೂ ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ಅವರು ಕಂಡ ಸಂಗತಿ ಮಾತ್ರ ಉಳಿಯಿತು.

ಗರ್ಭಕಂಠದ ಕ್ಯಾನ್ಸರನ್ನೇ ನೋಡಿ. ಅದರ ಬಹುತೇಕ ಪ್ರಕರಣಗಳಿಗೆ ಎಚ್‌ಪಿವಿ ವೈರಸ್ ಕಾರಣವೆಂದು ಜರ್ಮನಿಯವರೇ ಆದ ಹರಾಲ್ಡ್ ಜುರ್ ಹೌಸೆನ್ ದಾರಿ ತೋರಿ, 2008ರಲ್ಲಿ ನೊಬೆಲ್ ಪಡೆದರು. ಈ ವೈರಸ್ಸಿನ ಇ7 ಪ್ರೋಟೀನು ಪೈರುವೇಟ್ ಕೈನೇಸ್ ಎಂಬ ಕಿಣ್ವದ ಒಂದು ಬಗೆಗೆ ಅಂಟಿಕೊಂಡು, ಸಕ್ಕರೆ ಸಾಗುವ ದಾರಿಯನ್ನು ಬದಲಿಸುತ್ತದೆ. ಸಕ್ಕರೆಯನ್ನು ಕೋಶದೊಳಗೆ ಹಿಡಿದಿಡುವ ಹೆಕ್ಸೊಕೈನೇಸ್, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಇಂಥ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಹೀಗೆ ಕೋಶ ಬೆಳೆಯಲು ಬೇಕಾದ ಸಾಮಗ್ರಿ ಒದಗುತ್ತದೆ; ಹೊರಬಿದ್ದ ಆಮ್ಲ ರೋಗ ಹರಡಲು ನೆರವಾಗುತ್ತದೆ. ಗಡ್ಡೆಯ ಈ ಸಕ್ಕರೆ ಹಸಿವನ್ನೇ ಬಳಸಿ ಪೆಟ್ ಸ್ಕ್ಯಾನ್ ರೋಗದ ಜಾಗವನ್ನು ಗುರುತಿಸುತ್ತದೆ.

ಹಾಗೆಂದು ಸಕ್ಕರೆ ಬಿಟ್ಟರೆ ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ, 30 ದಾಟಿದ ಮಹಿಳೆಯರಿಗೆ ತಪಾಸಣೆ, ಇವೇ ನಿಜವಾದ ರಕ್ಷಣೆ. ಸಂಕೋಚದಿಂದ ಈ ಮಾತನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಓದು ಬಲ್ಲ ನೀವು ನಿಮ್ಮ ಅಮ್ಮ, ಅಕ್ಕತಂಗಿಯರಿಗೆ ಇದನ್ನು ಇಂದೇ ತಿಳಿಸಿ.