ಕಾಕ್ರನ್ ಹೆಸರು ಕೇಳಿದಾಕ್ಷಣ ಪ್ರಶ್ನೆ ನಿಲ್ಲಿಸಬೇಕಾ?

ಔಷಧಿ, ಲಸಿಕೆ ಬಗ್ಗೆ ಜಗಳ ಶುರುವಾದರೆ ಈಗ ಕಡೆಗೊಂದು ಬ್ರಹ್ಮಾಸ್ತ್ರ ಬರುತ್ತೆ: ಕಾಕ್ರನ್ ವರದಿಯೇ ಹೀಗೆ ಹೇಳಿದೆ. ಅಲ್ಲಿಗೆ ವಾದ ಮುಗೀತು. ಆದರೆ ಆ ಹೆಸರಿನ ಮನುಷ್ಯನ ಬದುಕು ಕಲಿಸೋದು ಇದರ ಉಲ್ಟಾ ಅಂತ ನನಗನ್ನಿಸುತ್ತೆ.

ಆರ್ಚಿ ಕಾಕ್ರನ್ ಹುಟ್ಟಿದ್ದು 1909ರಲ್ಲಿ, ಸ್ಕಾಟ್ಲೆಂಡಿನಲ್ಲಿ. 1936ರಲ್ಲಿ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಸ್ಪೇನಿಗೆ ಹೋದರು. ಫ್ರಾಂಕೋ ವಿರುದ್ಧ ನಿಂತವರ ಪರ ಆಂಬುಲೆನ್ಸ್ ಘಟಕದಲ್ಲಿ ದುಡಿದರು. ಪರಿಣಾಮಕಾರಿ ಚಿಕಿತ್ಸೆಯೆಲ್ಲ ಉಚಿತವಾಗಬೇಕು ಅನ್ನೋದು ಅವರ ರಾಜಕೀಯ. ಹಾಗಾದರೆ ಯಾವುದು ಪರಿಣಾಮಕಾರಿ? ಮುಂದಿನ ಬದುಕೆಲ್ಲ ಈ ಪ್ರಶ್ನೆಯ ಬೆನ್ನುಹತ್ತಿದ್ದೇ.

1941ರಲ್ಲಿ ಕ್ರೀಟ್‌ನಲ್ಲಿ ಜರ್ಮನ್ನರಿಗೆ ಸೆರೆಸಿಕ್ಕರು. ಗ್ರೀಸಿನ ಶಿಬಿರದಲ್ಲಿ ಹಸಿದ ಕೈದಿಗಳ ಕಾಲು ಬಾತುಕೊಳ್ಳುತ್ತಿತ್ತು. 20 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಯೀಸ್ಟ್, ಇನ್ನೊಂದಕ್ಕೆ ವಿಟಮಿನ್ ಸಿ ಕೊಟ್ಟರು. ಯೀಸ್ಟ್ ತಿಂದವರು ಕೆಲವೇ ದಿನದಲ್ಲಿ ಚೇತರಿಸಿಕೊಂಡರು. ಲೆಕ್ಕ ನೋಡಿ ಜರ್ಮನ್ನರೂ ಯೀಸ್ಟ್ ಒದಗಿಸಿದರು. ಅದು ತೀರಾ ಕಳಪೆ ಪ್ರಯೋಗ ಅಂತ ಮುಂದೆ ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ಕಾಕ್ರನ್. ತನ್ನ ಗೆಲುವನ್ನೂ ಅನುಮಾನಿಸೋ ಈ ಗುಣವೇ ನನಗೆ ಮುಖ್ಯ.

ಯುದ್ಧದ ನಂತರ ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶ ಪರೀಕ್ಷಿಸಿದರು. ವೈದ್ಯರು ಎಲ್ಲ ಪ್ರಯೋಗಗಳನ್ನೂ ಒಟ್ಟುಹಾಕಿ, ವಿಮರ್ಶಿಸಿ, ಆಗಾಗ ಪರಿಷ್ಕರಿಸುತ್ತಿಲ್ಲ ಅಂತ 1979ರಲ್ಲಿ ಛೀಮಾರಿ ಹಾಕಿದರು. ತೀರಿಕೊಂಡಿದ್ದು 1988ರಲ್ಲಿ. ಅವರ ಹೆಸರಿನ ಸಂಸ್ಥೆ ಹುಟ್ಟಿದ್ದು 1993ರಲ್ಲಿ.

ಒಟ್ಟುಹಾಕದಿದ್ದರೆ ಏನಾಗುತ್ತೆ? ಅವಧಿಗೆ ಮುನ್ನ ಹುಟ್ಟುವ ಶಿಶುಗಳನ್ನು ಉಳಿಸುವ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದಿನ ಮೊದಲ ಪ್ರಯೋಗ ಪ್ರಕಟವಾಗಿದ್ದು 1972ರಲ್ಲಿ; ಪ್ರಯೋಗಗಳನ್ನೆಲ್ಲ ಕೂಡಿಸಿದ ವಿಮರ್ಶೆ ಬಂದಿದ್ದು 1989ರಲ್ಲಿ. ನಡುವೆ ಎಷ್ಟೋ ಕಂದಮ್ಮಗಳಿಗೆ ಅದು ಸಿಗಲೇ ಇಲ್ಲ.

ಆದರೆ ಕೂಡಿಸಿದ್ದೆಲ್ಲ ಸತ್ಯವೂ ಅಲ್ಲ. ಕಸವನ್ನು ಗುಡ್ಡೆ ಹಾಕಿದರೂ ಅದು ಕಸವೇ. ಟ್ಯಾಮಿಫ್ಲೂ ಮಾತ್ರೆಯನ್ನೇ ನೋಡಿ: ಬ್ರಿಟನ್ ಅದರ ದಾಸ್ತಾನಿಗೆ 40 ಕೋಟಿ ಪೌಂಡ್‌ಗೂ ಹೆಚ್ಚು ಸುರಿಯಿತು. ಹಳೆಯ ಕಾಕ್ರನ್ ವಿಮರ್ಶೆಯೂ ಅದನ್ನು ಹೊಗಳಿತ್ತು. ಕಂಪನಿ ಪ್ರಕಟಿಸದೆ ಇಟ್ಟುಕೊಂಡಿದ್ದ ದತ್ತಾಂಶವನ್ನು ವರ್ಷಗಟ್ಟಲೆ ಬಡಿದಾಡಿ ಪಡೆದ ಮೇಲೆ, 2014ರ ವಿಮರ್ಶೆಯಲ್ಲಿ ಕಂಡ ಲಾಭ ವಯಸ್ಕರ ಜ್ವರ ಲಕ್ಷಣಗಳು ಒಂದು ದಿನಕ್ಕಿಂತ ಕಡಿಮೆ ತಗ್ಗಿದ್ದಷ್ಟೇ.

ಹಾಗಾಗಿ ಯಾವ ವಿಮರ್ಶೆ ಕೈಗೆ ಬಂದರೂ ಕೇಳಿ: ಯಾವ ಪ್ರಯೋಗಗಳನ್ನು ಸೇರಿಸಿದರು, ಯಾವುದನ್ನು ಬಿಟ್ಟರು? ಪ್ರಕಟವಾಗದ್ದನ್ನು ಹುಡುಕಿದರಾ? ದುಡ್ಡು ಯಾರದು? ಈ ಪ್ರಶ್ನೆ ಕೇಳೋದು ವಿಜ್ಞಾನದ ವಿರೋಧ ಅಲ್ಲ. ಖರ್ಚಾಗೋದು ನಮ್ಮ ತೆರಿಗೆ, ಪಣಕ್ಕಿರೋದು ನಮ್ಮ ದೇಹ.