ಪಾಲಿಬೆಟ್ಟದಿಂದ ಲಂಡನ್ನಿನ ಆಕಾಶಕ್ಕೆ

ಮೊದಲ ಮಹಾಯುದ್ಧದ ಕಾಲದ ಪತ್ರಿಕೆಗಳನ್ನು ತಿರುವಿಹಾಕುವವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. 1914ರವರೆಗೆ ಕ್ರೀಡಾಪುಟಗಳಲ್ಲಿ ಮೆರೆಯುತ್ತಿದ್ದ ಬಾಕ್ಸರುಗಳ ಹೆಸರುಗಳು ಆಮೇಲೆ ಸೈನ್ಯದ ವಾರ್ತೆಗಳ ನಡುವೆ, ಕೆಲವೊಮ್ಮೆ ಮೃತರ ಪಟ್ಟಿಗಳಲ್ಲಿ, ಕಾಣಿಸಿಕೊಳ್ಳುತ್ತವೆ. ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯೆ ಕೈಗವಸು ಕಳಚಿಟ್ಟು ವಾಯುದಳ ಸೇರಿದ, ಶೌರ್ಯಪದಕ ಪಡೆದ, ಅದೃಷ್ಟವಶಾತ್ ಬದುಕಿ ಬಂದ. ಕಣದಲ್ಲಿ ಒಬ್ಬನೆದುರು ಒಬ್ಬ ಸೆಣಸುವುದನ್ನು ಓದಿ ರೂಢಿಯಾಗಿದ್ದ ಜನರಿಗೆ ಯುದ್ಧಕಾಲದಲ್ಲಿ ಅದೇ ರೋಚಕತೆಯನ್ನು ಒದಗಿಸಿದವರು ವಿಮಾನಚಾಲಕರು. ಅವರಲ್ಲಿ ಒಂದೇ ರಾತ್ರಿಯಲ್ಲಿ ಬ್ರಿಟನ್ನಿನ ಮನೆಮಾತಾದವನು ಕೊಡಗಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ವಿಲಿಯಂ ಲೀಫ್ ರಾಬಿನ್ಸನ್.

1895ರ ಜುಲೈ 14ರಂದು ಪಾಲಿಬೆಟ್ಟದ ಕಾಫಿ ತೋಟವೊಂದರಲ್ಲಿ ಆತನ ಜನನ. ತಂದೆ ಹೊರೇಸ್ ರಾಬಿನ್ಸನ್ ತೋಟದ ಮಾಲೀಕ. ಏಳು ಮಕ್ಕಳಲ್ಲಿ ಈತನೇ ಕಿರಿಯ. ಜಯನಗರ, ಬನಶಂಕರಿಗಳಿಂದ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋಗುವ ನಾವು ರೆಸಿಡೆನ್ಸಿ ರಸ್ತೆಯಲ್ಲಿ ಹಾದುಹೋಗುವ ಬಿಷಪ್ ಕಾಟನ್ ಶಾಲೆಯಲ್ಲಿ ಕೆಲವು ಕಾಲ ಓದಿದ. 1909ರಲ್ಲಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಸೇರಿದ. ಅಲ್ಲಿ ಪುಸ್ತಕಕ್ಕಿಂತ ರಗ್ಬಿ ಮೈದಾನವೇ ಹೆಚ್ಚು ಪ್ರಿಯವಾಯಿತು. 1914ರಲ್ಲಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ, ಮರುವರ್ಷ ಫ್ರಾನ್ಸಿನಲ್ಲಿ ವಿಮಾನದ ವೀಕ್ಷಕನ ಕೆಲಸ, ತೋಳಿಗೆ ಗಾಯ, ಚೇತರಿಸಿಕೊಂಡ ಮೇಲೆ ಚಾಲಕನ ಪರವಾನಗಿ.

ಆ ಹೊತ್ತಿಗೆ ಜರ್ಮನಿಯ ವಾಯುನೌಕೆಗಳು ರಾತ್ರಿಯ ವೇಳೆ ಬಂದು ಬಾಂಬು ಹಾಕಿ ಹೋಗುತ್ತಿದ್ದವು. ಇಡೀ ಯುದ್ಧದಲ್ಲಿ ಈ ದಾಳಿಗಳಿಗೆ ಬ್ರಿಟನ್ನಿನಲ್ಲಿ ಬಲಿಯಾದವರು 550ಕ್ಕೂ ತುಸು ಹೆಚ್ಚು. ಪಶ್ಚಿಮ ರಣರಂಗದಲ್ಲಿ ಒಂದೇ ದಿನ ಬೀಳುತ್ತಿದ್ದ ಹೆಣಗಳೆದುರು ಇದು ಸಣ್ಣ ಸಂಖ್ಯೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಬೇರೊಂದು ಲೆಕ್ಕ ಕಾಣುತ್ತದೆ. ಫ್ರಾನ್ಸಿಗೆ ಹೋಗಬೇಕಿದ್ದ ವಿಮಾನಗಳು, ಫಿರಂಗಿಗಳು, ಸಾವಿರಾರು ಸೈನಿಕರು ಊರು ಕಾಯಲು ಉಳಿಯಬೇಕಾಯಿತು. ತಡೆಯಲಾಗದ ಶತ್ರು ತಲೆಯ ಮೇಲೆ ತೇಲುತ್ತಿದ್ದಾನೆ ಎಂಬ ಭೀತಿಗಂತೂ ಬೆಲೆ ಕಟ್ಟುವುದು ಕಷ್ಟ.

1916ರ ಸೆಪ್ಟೆಂಬರ್ 2ರ ರಾತ್ರಿ ಹದಿನಾರು ವಾಯುನೌಕೆಗಳು ಒಟ್ಟಾಗಿ ಹೊರಟವು. ಅದು ಆ ಯುದ್ಧದ ಅತಿ ದೊಡ್ಡ ವಾಯುನೌಕಾ ದಾಳಿ. ರಾಬಿನ್ಸನ್ ಹನ್ನೊಂದು ಗಂಟೆಯ ನಂತರ ತನ್ನ ಪುಟ್ಟ ಬಿ.ಇ.2ಸಿ ವಿಮಾನದಲ್ಲಿ ಮೇಲೇರಿದ. ಬೆನ್ನಟ್ಟಿದ ಮೊದಲ ನೌಕೆ ಮೋಡದಲ್ಲಿ ಮರೆಯಾಯಿತು. ಎರಡು ಗಂಟೆಯ ಸುಮಾರಿಗೆ ಶೋಧದೀಪಗಳ ಬೆಳಕಿನಲ್ಲಿ ಇನ್ನೊಂದು ಕಂಡಿತು. ನೌಕೆಯ ಉದ್ದಕ್ಕೂ ಎರಡು ಬಾರಿ ಗುಂಡಿನ ಮಳೆಗರೆದರೂ ಏನೂ ಆಗಲಿಲ್ಲ. ಮೂರನೆಯ ಬಾರಿ ಹಿಂಭಾಗದ ಒಂದೇ ಜಾಗಕ್ಕೆ ಗುರಿಯಿಟ್ಟ. ನೌಕೆ ಹೊತ್ತಿಕೊಂಡು ಹರ್ಟ್‌ಫರ್ಡ್‌ಷೈರಿನ ಕಫ್ಲೆ ಹಳ್ಳಿಯಲ್ಲಿ ಬಿತ್ತು. ಲಂಡನ್ನಿನ ಬೀದಿಗಳಲ್ಲಿ ಜನ ಕುಣಿದರು, ಹಾಡಿದರು. ಒಳಗಿದ್ದ ಹದಿನಾರು ಜನರೂ ಸುಟ್ಟುಹೋದದ್ದು ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ.

ಕೆಲವೇ ದಿನಗಳಲ್ಲಿ ಐದನೆಯ ಜಾರ್ಜ್ ದೊರೆ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಬಹುಮಾನವಾಗಿ ಬಂದ ಹಣವೇ ಸುಮಾರು 3,500 ಪೌಂಡು. ಆತನ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಯಿತು. ಆದರೆ ಆ ಪತ್ರಿಕೆಗಳನ್ನು ಇಂದು ನಂಬಿ ಇತಿಹಾಸ ಬರೆಯಹೊರಟರೆ ಎಡವುವುದು ಖಚಿತ. ಬಿದ್ದದ್ದು ಎಲ್21 ಎಂಬ ಜೆಪ್ಪೆಲಿನ್ ಎಂದು ಅವು ಸಾರಿದವು. ನಿಜಕ್ಕೂ ಬಿದ್ದದ್ದು ಮರದ ಚೌಕಟ್ಟಿನ ಎಸ್ಎಲ್11. ಅದನ್ನು ಕಟ್ಟಿದ್ದು ಶ್ಯೂಟ್ಟೆ-ಲಾಂಟ್ಸ್ ಎಂಬ ಬೇರೆಯೇ ಸಂಸ್ಥೆ. ಜನರಿಗೆ ಪರಿಚಿತವಾದ, ಭಯ ಹುಟ್ಟಿಸುವ ಹೆಸರು ಜೆಪ್ಪೆಲಿನ್ ಆಗಿದ್ದುದರಿಂದ ಅದೇ ಉಳಿಯಿತು. ಅಸಲಿ ಎಲ್21 ಆರೋಗ್ಯವಾಗಿ ಹಾರಾಡುತ್ತಿದ್ದು, ನವೆಂಬರ್ ಕೊನೆಯಲ್ಲಿ ಲೋಸ್ಟಾಫ್ಟ್ ಬಳಿಯ ಸಮುದ್ರಕ್ಕೆ ಬಿತ್ತು.

ಕೀರ್ತಿಯ ಬೆಲೆಯನ್ನು ರಾಬಿನ್ಸನ್ ತೆತ್ತದ್ದು ಆಮೇಲೆ. 1917ರ ಏಪ್ರಿಲಿನಲ್ಲಿ ಆತನನ್ನು ಹೊಸ ಬ್ರಿಸ್ಟಲ್ ಫೈಟರ್ ವಿಮಾನಗಳ 48ನೇ ದಳದಲ್ಲಿ ತುಕಡಿಯ ನಾಯಕನನ್ನಾಗಿಸಿ ಫ್ರಾನ್ಸಿಗೆ ಕಳಿಸಲಾಯಿತು. ರಾತ್ರಿಯಲ್ಲಿ ನಿಧಾನವಾಗಿ ತೇಲುವ ನೌಕೆಯನ್ನು ಉರುಳಿಸಿದವನು ಹಗಲಿನಲ್ಲಿ ಚುರುಕಾದ ಯುದ್ಧವಿಮಾನಗಳೊಡನೆಯೂ ಕಾದಾಡಬಲ್ಲ ಎಂದು ಮೇಲಿನವರು ಭಾವಿಸಿದರು. ಒಂದು ಕೆಲಸದಲ್ಲಿ ಹೆಸರು ಮಾಡಿದವನನ್ನು ಮತ್ತೊಂದಕ್ಕೆ ತಂದು ಕೂರಿಸುವ ಈ ಪದ್ಧತಿ ಸರ್ಕಾರಿ ಸೇವೆಯಲ್ಲಿದ್ದವರಿಗೆ ಹೊಸದಲ್ಲ. ಏಪ್ರಿಲ್ 5ರಂದು ಆತನ ಆರು ವಿಮಾನಗಳು ರಿಚ್ಟ್‌ಹೋಫನ್‌ನ ದಳಕ್ಕೆ ಎದುರಾದವು. ನಾಲ್ಕು ಉರುಳಿದವು, ಅವುಗಳಲ್ಲಿ ನಾಯಕನದೂ ಒಂದು. ಆತ ಸತ್ತನೆಂದೇ ಮೊದಲು ಭಾವಿಸಲಾಗಿತ್ತು. ಸೆರೆಯಲ್ಲಿರುವುದು ಗೊತ್ತಾದದ್ದು ತಡವಾಗಿ.

ಮುಂದಿನ ಇಪ್ಪತ್ತು ತಿಂಗಳು ಶಿಬಿರದಿಂದ ಶಿಬಿರಕ್ಕೆ ವರ್ಗಾವಣೆ. ಹಲವು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದ, ಏಕಾಂತ ಸೆರೆ ಅನುಭವಿಸಿದ. ಹೋಲ್ಟ್ಸ್‌ಮಿಂಡನ್ ಶಿಬಿರದ ಮುಖ್ಯಸ್ಥ ಕಾರ್ಲ್ ನೀಮೈಯರ್ ಈತನನ್ನೇ ಆರಿಸಿ ಕಾಡಿದ. ಕೈದಿಗಳಲ್ಲಿ ಅನಾಮಿಕನಾಗಿ ಬೆರೆತುಹೋಗುವ ಅವಕಾಶವನ್ನು ಪತ್ರಿಕೆಗಳ ಚಿತ್ರಗಳು ಕಿತ್ತುಕೊಂಡಿದ್ದವು. ಅಣ್ಣ ಹೆರಾಲ್ಡ್ 1916ರಲ್ಲೇ ಮೆಸೊಪೊಟೇಮಿಯದಲ್ಲಿ ಮಡಿದಿದ್ದ.

1918ರ ಡಿಸೆಂಬರ್ ಮಧ್ಯದಲ್ಲಿ ರಾಬಿನ್ಸನ್ ಬಳಲಿದ ದೇಹದೊಂದಿಗೆ ಇಂಗ್ಲೆಂಡಿಗೆ ಮರಳಿದ. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡ ಅದೇ ಇನ್‌ಫ್ಲುಯೆಂಜಾ ಅವನನ್ನೂ ಹಿಡಿಯಿತು. ವರ್ಷದ ಕೊನೆಯ ದಿನ ತೀರಿಕೊಂಡಾಗ ಆತನಿಗೆ 23 ವರ್ಷ. ಹ್ಯಾರೋ ವೀಲ್ಡ್‌ನಲ್ಲಿ ನಡೆದ ಅಂತ್ಯಕ್ರಿಯೆಯ ವೇಳೆ ವಿಮಾನವೊಂದು ಮೇಲಿನಿಂದ ಹೂಮಾಲೆ ಬೀಳಿಸಿತು. 1921ರಲ್ಲಿ ಕಫ್ಲೆಯಲ್ಲಿ ಸ್ಮಾರಕಸ್ತಂಭವೊಂದು ನಿಂತಿತು. ಅದಕ್ಕೆ ಹಣ ಕೂಡಿಸಿದವರು ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ಓದುಗರು. ಆ ಕಲ್ಲಿನ ಮೇಲೆ ನೌಕೆಯ ಹೆಸರು ಎಸ್ಎಲ್11 ಎಂದು ಸರಿಯಾಗಿಯೇ ಕೆತ್ತಲಾಗಿದೆ.